ಪ್ರತಿ ಎತ್ತುವ ಭಕ್ತಿ: ಅಯೋನಾ, ಮೂಡುಬಿದಿರೆ, ಮಂಗಳೂರು

ಒಂದು ಬರಹವನ್ನು ನೋಡಿ ಇನ್ನೊಂದನ್ನು ಬರೆಯುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು ‘ನಕಲು’, ಇನ್ನೊಂದು ‘ಪ್ರತಿ’. ಅರಬ್ಬಿ ಮೂಲದ ಮೊದಲ ಮಾತು ಕಚೇರಿಯ ದಾರಿ ಹಿಡಿದು ನಮ್ಮೊಳಗೆ ಬಂದಿತು. ಇಂದು ಪರೀಕ್ಷೆಯ ಕೋಣೆಯಲ್ಲಿ ಅದು ಅಪರಾಧದ ಹೆಸರು, ಪೇಟೆಯಲ್ಲಿ ಮೋಸದ ಹೆಸರು. ಎರಡನೆಯದು ಓಲೆಗರಿಯ ಲೋಕದ್ದು. ಸಂಸ್ಕೃತದ ಉಪಸರ್ಗವಾಗಿ ಅದಕ್ಕೆ ‘ಎದುರಾಗಿ’, ‘ಮರಳಿ’ ಎಂಬ ಅರ್ಥಗಳಿವೆ. ಉತ್ತರಕ್ಕೆ ಪ್ರತ್ಯುತ್ತರ ಹೇಗೋ, ಉಪಕಾರಕ್ಕೆ ಪ್ರತ್ಯುಪಕಾರ ಹೇಗೋ, ಗ್ರಂಥಕ್ಕೆ ಪ್ರತಿ ಹಾಗೆ. ಬರೆದವನಿಗೆ ಓದಿದವನು ಸಲ್ಲಿಸುವ ಮರುಮಾತು ಅದು.

ಕ್ರೈಸ್ತ ಮಠಗಳ ಇತಿಹಾಸದಲ್ಲಿ ಪ್ರತಿ ಎತ್ತುವುದು ಪ್ರಾರ್ಥನೆಯ ಒಂದು ರೂಪವೇ ಆಗಿತ್ತು ಎಂಬುದನ್ನು ನಾವು ಪಾಠದ ಕೋಣೆಯಲ್ಲಿ ಹೇಳುತ್ತೇವೆ, ಮುಂದೆ ಸಾಗುತ್ತೇವೆ. ಆದರೆ ಆ ಕೆಲಸದೊಳಗೆ ಒಂದು ಕಠಿಣ ಪ್ರಶ್ನೆ ಅಡಗಿದೆ: ಗ್ರಂಥ ಯಾರದು? ಅದನ್ನು ಜೋಪಾನವಾಗಿ ಕಾದವರದೋ, ಹಂಬಲಿಸಿ ಎತ್ತಿ ಬರೆದವರದೋ, ಮುಂದೆ ಓದಬೇಕಾದವರದೋ? ಈ ಪ್ರಶ್ನೆ 6ನೆಯ ಶತಮಾನದ ಐರ್ಲೆಂಡಿನಲ್ಲಿ ಎದ್ದಂತೆ ನಮ್ಮ ನಾಡಿನಲ್ಲಿಯೂ ಎದ್ದಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಅಯೋನಾದ ಕೊನೆಯ ಪುಟ

ಸಂತ ಕೊಲಂಬಾ ಐರ್ಲೆಂಡಿನ ರಾಜವಂಶವೊಂದರಲ್ಲಿ ಹುಟ್ಟಿದವರು. 563ರಲ್ಲಿ ಸಂಗಡಿಗರೊಡನೆ ಕಡಲು ದಾಟಿ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಅಯೋನಾ ಎಂಬ ಪುಟ್ಟ ದ್ವೀಪಕ್ಕೆ ಬಂದು ಮಠ ಕಟ್ಟಿದರು. 597ರಲ್ಲಿ ಅಲ್ಲಿಯೇ ದೈವಾಧೀನರಾದರು. ಸುಮಾರು ನೂರು ವರ್ಷಗಳ ಬಳಿಕ ಅದೇ ಮಠದ ಒಂಬತ್ತನೆಯ ಮಠಾಧಿಪತಿ ಅಡಮ್ನಾನ್ ಅವರ ಚರಿತ್ರೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದರು. ಆ ಚರಿತ್ರೆಯಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಆದರೆ ಪವಾಡಗಳ ನಡುವೆ ಮತ್ತೆ ಮತ್ತೆ ಕಾಣುವ ವಸ್ತುಗಳು ಲೇಖನಿ, ಮಸಿ, ತೊಗಲಿನ ಹಾಳೆ. ಅತಿಥಿಯೊಬ್ಬ ಅವಸರದಿಂದ ಬಂದು ತನ್ನ ಉಡುಪಿನ ಅಂಚಿನಿಂದ ಸಂತರ ಮಸಿಯ ಕೊಂಬನ್ನು ಉರುಳಿಸುತ್ತಾನೆ. ಶಿಷ್ಯ ಬೈಥೀನ್ ತಾನು ಬರೆದ ಕೀರ್ತನೆಗಳ ಗ್ರಂಥವನ್ನು ತಿದ್ದಲು ಒಬ್ಬ ಸಹೋದರನನ್ನು ಕೇಳಿದಾಗ, ಇಡೀ ಪುಸ್ತಕದಲ್ಲಿ ‘ಐ’ ಎಂಬ ಒಂದೇ ಅಕ್ಷರ ಬಿಟ್ಟುಹೋಗಿದೆ ಎಂದು ಸಂತರು ನೋಡದೆಯೇ ಹೇಳುತ್ತಾರೆ. ಅವರ ಕೈಬರಹದ ಹಾಳೆ ನದಿಯ ನೀರಿನಲ್ಲಿ ಹಲವು ದಿನ ಮುಳುಗಿದ್ದರೂ ಕೆಡಲಿಲ್ಲವಂತೆ.

ಸಂತರ ಕೊನೆಯ ದಿನವೂ ಹೀಗೆಯೇ. ಅಂದು ಅವರು ಕೀರ್ತನೆಗಳನ್ನು ಎತ್ತಿ ಬರೆಯುತ್ತಿದ್ದರು. ಲ್ಯಾಟಿನ್ ಎಣಿಕೆಯ 33ನೆಯ, ಹೀಬ್ರೂ ಎಣಿಕೆಯ 34ನೆಯ ಕೀರ್ತನೆಯಲ್ಲಿ, ಪ್ರಭುವನ್ನು ಅರಸುವವರಿಗೆ ಯಾವ ಒಳಿತಿನ ಕೊರತೆಯೂ ಇಲ್ಲವೆಂಬ ವಚನಕ್ಕೆ ಬಂದಾಗ ಪುಟ ಮುಗಿಯಿತು. ತಾವು ಇಲ್ಲಿಗೆ ನಿಲ್ಲಬೇಕೆಂದೂ ಮುಂದಿನದನ್ನು ಬೈಥೀನ್ ಬರೆಯಲೆಂದೂ ಹೇಳಿ ಲೇಖನಿ ಕೆಳಗಿಟ್ಟರು. ಅದೇ ರಾತ್ರಿ ದೇವಾಲಯದಲ್ಲಿ ಪೂಜಾಪೀಠದ ಮುಂದೆ ಪ್ರಾಣ ಬಿಟ್ಟರು. ಮುಂದಿನ ವಚನ ಮಕ್ಕಳನ್ನು ಕರೆದು ದೇವಭಯವನ್ನು ಕಲಿಸುವ ಮಾತು. ಮುಂದಿನ ಮಠಾಧಿಪತಿಯೂ ಬೈಥೀನ್ ಅವರೇ. ಅಡಮ್ನಾನ್ ಇದನ್ನು ಸುಮ್ಮನೆ ಹೇಳಲಿಲ್ಲ. ಅವರ ದೃಷ್ಟಿಯಲ್ಲಿ ಅಧಿಕಾರದ ಹಸ್ತಾಂತರವೂ ಬರಹದ ಹಸ್ತಾಂತರವೂ ಒಂದೇ. ಗುರು ಬಿಟ್ಟ ಸಾಲಿನಿಂದ ಶಿಷ್ಯ ಮುಂದುವರಿಸಬೇಕು; ಹೊಸ ಪುಟ ಅವನದು, ಗ್ರಂಥ ಅವನದಲ್ಲ.

ತಮ್ಮ ಗ್ರಂಥವನ್ನು ಮುಗಿಸುವಾಗ ಅಡಮ್ನಾನ್ ಇನ್ನೊಂದು ಮಾತನ್ನು ಸೇರಿಸಿದರು. ಇದನ್ನು ಎತ್ತಿ ಬರೆಯುವವರು ಬರೆದ ಬಳಿಕ ಮೂಲದೊಡನೆ ಎಚ್ಚರದಿಂದ ತಾಳೆ ನೋಡಬೇಕು, ತಿದ್ದಬೇಕು, ಈ ಆಣೆಯನ್ನೂ ತಮ್ಮ ಪ್ರತಿಯಲ್ಲಿ ಸೇರಿಸಬೇಕು ಎಂದು ಕ್ರಿಸ್ತರ ಹೆಸರಿನಲ್ಲಿ ಆಣೆಯಿಟ್ಟರು. 713ರಲ್ಲಿ ತೀರಿಕೊಂಡ ಅಯೋನಾದ ಡೊರ್ಬೆನೆ ಎತ್ತಿದ ಪ್ರತಿ ಇಂದಿಗೂ ಉಳಿದಿದೆ, ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ನಗರದ ಗ್ರಂಥಾಲಯದಲ್ಲಿ. ಆ ನಗರ ರೈನ್ ನದಿಯ ದಂಡೆಯ ಮೇಲಿದೆ. ಅದೇ ನದಿಯ ಕೆಳಹರಿವಿನಲ್ಲಿ ಬಾಸೆಲ್ ಇದೆ. ಆ ಊರಿನ ಮಾತು ಮುಂದೆ ಬರಲಿದೆ.

ಹಸು ಮತ್ತು ಕರು

ಕೊಲಂಬಾ ಕುರಿತು ಹೆಚ್ಚು ಪ್ರಸಿದ್ಧವಾದ ಕಥೆ ಅಡಮ್ನಾನ್ ಬರೆದ ಚರಿತ್ರೆಯಲ್ಲಿ ಇಲ್ಲ. ನಾವು ಇಂದು ಕೇಳುವ ರೂಪದಲ್ಲಿ ಅದು ದೊರೆಯುವುದು 1532ರಲ್ಲಿ ಮಾನಸ್ ಓಡೊನೆಲ್ ಸಿದ್ಧಪಡಿಸಿದ ಐರಿಷ್ ಭಾಷೆಯ ಚರಿತ್ರೆಯಲ್ಲಿ. ಅದರಂತೆ, ಕೊಲಂಬಾ ತಮ್ಮ ಗುರು ಫಿನ್ನಿಯನ್ ಅವರ ಬಳಿಯಿದ್ದ ಗ್ರಂಥವೊಂದನ್ನು ರಾತ್ರಿಯ ಹೊತ್ತು ಗುಟ್ಟಾಗಿ ಎತ್ತಿ ಬರೆದರು. ಗುರುವಿಗೆ ತಿಳಿಯಿತು; ಪ್ರತಿಯೂ ತಮಗೇ ಸೇರಬೇಕೆಂದರು. ವ್ಯಾಜ್ಯ ಅರಸ ಡಿಯರ್ಮಟನ ಮುಂದೆ ಹೋಯಿತು. ಹಸು ಯಾರದೋ ಕರುವೂ ಅವರದೇ, ಹಾಗೆಯೇ ಗ್ರಂಥ ಯಾರದೋ ಪ್ರತಿಯೂ ಅವರದೇ ಎಂದು ಅವನು ತೀರ್ಪು ಕೊಟ್ಟನು. ಕೊಲಂಬಾ ಒಪ್ಪಲಿಲ್ಲ. ಅರಸನ ಮೇಲೆ ಇದ್ದ ಬೇರೆ ಸಿಟ್ಟೂ ಸೇರಿ, 561ರ ಕೂಲ್ ಡ್ರೆವ್ನೆ ಕಾಳಗದಲ್ಲಿ ರಕ್ತ ಹರಿಯಿತು. ಆ ಪಾಪದ ಪ್ರಾಯಶ್ಚಿತ್ತವಾಗಿ ಸಂತರು ತಾಯ್ನಾಡು ತೊರೆದರು ಎಂದು ಕಥೆ ಮುಗಿಯುತ್ತದೆ.

ಕಾಳಗ ನಡೆದದ್ದು ನಿಜ. ಗ್ರಂಥವೇ ಅದಕ್ಕೆ ಕಾರಣವೆಂಬುದು ಸಾವಿರ ವರ್ಷಗಳ ಬಳಿಕ ಸಿಗುವ ಐತಿಹ್ಯ. ಆದರೂ ಐತಿಹ್ಯವನ್ನು ತಳ್ಳಿಹಾಕುವಂತಿಲ್ಲ. ಆ ಪ್ರತಿಯೇ ಎಂದು ಪರಂಪರೆ ನಂಬಿರುವ ಕೀರ್ತನೆಗಳ ಗ್ರಂಥವೊಂದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. 58 ಹಾಳೆಗಳು ಉಳಿದಿವೆ. ಅದರ ಹೆಸರು ‘ಕಾಥಾಖ್’, ಅಂದರೆ ‘ಕಾಳಗದ್ದು’. ಓಡೊನೆಲ್ ವಂಶದವರು ಅದನ್ನು ಬೆಳ್ಳಿಯ ಕರಂಡಕದಲ್ಲಿಟ್ಟು ಯುದ್ಧಕ್ಕೆ ಒಯ್ಯುತ್ತಿದ್ದರು. ಓದಲೆಂದು ಎತ್ತಿ ಬರೆದ ಗ್ರಂಥ ಮುಚ್ಚಿದ ಪೆಟ್ಟಿಗೆಯೊಳಗೆ ಗೆಲುವಿನ ತಾಯಿತವಾಯಿತು. ಪುಸ್ತಕದ ಮೇಲಿನ ಭಕ್ತಿ ಎಲ್ಲಿ ದಾರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ತನ್ನದಾಗಬೇಕೆಂಬ ಹಂಬಲ ಮೊದಲು ಗುರುವಿನ ವಿರುದ್ಧ ನಿಲ್ಲಿಸಿತು, ಕೊನೆಗೆ ಓದುಗನ ವಿರುದ್ಧವೇ ಬೀಗ ಹಾಕಿತು.

ಅತ್ತಿಮಬ್ಬೆಯ ಸಾವಿರ ಪ್ರತಿಗಳು

ನಮ್ಮ ನಾಡಿನಲ್ಲಿ ಗ್ರಂಥದ ಪ್ರತಿಯನ್ನು ಧರ್ಮಕಾರ್ಯವೆಂದು ಸ್ಥಾಪಿಸಿದವರು ಜೈನರು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಗ್ರಂಥವನ್ನು ಬರೆಸಿ ಕೊಡುವುದು. ಇದರ ಅತಿ ದೊಡ್ಡ ನಿದರ್ಶನ ಅತ್ತಿಮಬ್ಬೆ. ಕವಿ ಪೊನ್ನನಿಗೆ ಆಶ್ರಯ ಕೊಟ್ಟ ಮನೆತನದ ಮಗಳು ಆಕೆ; ಯುದ್ಧದಲ್ಲಿ ಮಡಿದ ನಾಗದೇವನ ಹೆಂಡತಿ. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಮಗನಿಗಾಗಿ ಬದುಕಿ ಉಳಿದಳು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ 1000 ಪ್ರತಿಗಳನ್ನು ಬರೆಸಿ ಹಂಚಿದಳು. ರನ್ನನ ಅಜಿತಪುರಾಣ 993ರಲ್ಲಿ ಮೂಡಿದ್ದು ಆಕೆಯ ಆಶ್ರಯದಲ್ಲಿ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ 1007ರ ಶಾಸನ ಆಕೆಯ ಕೀರ್ತಿಯನ್ನು ಸಾರುತ್ತದೆ.

ಸಾವಿರ ಪ್ರತಿ ಎಂದರೆ ಎಷ್ಟು ದುಡಿಮೆ ಎಂಬುದನ್ನು ಅಚ್ಚಿನ ಕಾಲದ ನಾವು ಸುಲಭವಾಗಿ ಮರೆಯುತ್ತೇವೆ. ತಾಳೆಯ ಗರಿಗಳನ್ನು ಹದಗೊಳಿಸಿ, ಒಣಗಿಸಿ, ಸಮನಾಗಿ ಕತ್ತರಿಸಬೇಕು. ಕಬ್ಬಿಣದ ಕಂಟದಿಂದ ಗರಿ ಸೀಳದಂತೆ ಅಕ್ಷರ ಕೊರೆಯಬೇಕು. ಕೊರೆದ ಗೆರೆಗಳಿಗೆ ಮಸಿ ತುಂಬಿ ಒರೆಸಬೇಕು. ತೂತುಗಳಲ್ಲಿ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಕಟ್ಟಿ, ಬಟ್ಟೆಯಲ್ಲಿ ಸುತ್ತಬೇಕು. ಅಷ್ಟಾದ ಮೇಲೂ ಗೆದ್ದಲು, ಹುಳು, ಮಳೆಗಾಲದ ತೇವ ಅದಕ್ಕೆ ಶತ್ರುಗಳೇ. ಓಲೆಗರಿಯ ಗ್ರಂಥ ಕೆಲವು ತಲೆಮಾರುಗಳಿಗೊಮ್ಮೆ ಹೊಸ ಪ್ರತಿಯಾಗಿ ಮರುಹುಟ್ಟು ಪಡೆಯದಿದ್ದರೆ ಸಾಯುತ್ತದೆ. ನಮ್ಮ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬೆನ್ನು ಬಾಗಿತು, ಕತ್ತು ಸೋತಿತು, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬಿನ್ನವಿಸಿಕೊಳ್ಳುವುದುಂಟು. ಐರಿಷ್ ಸಂನ್ಯಾಸಿಗಳೂ ಪುಟಗಳ ಅಂಚಿನಲ್ಲಿ ಚಳಿಯನ್ನೂ ಕೆಟ್ಟ ಮಸಿಯನ್ನೂ ಸೋತ ಕೈಯನ್ನೂ ಹಳಿದು ಟಿಪ್ಪಣಿ ಬರೆದರು. ಒಬ್ಬರನ್ನೊಬ್ಬರು ಅರಿಯದ ಎರಡು ಲೋಕಗಳ ಬೆನ್ನುನೋವು ಒಂದೇ.

ಮೂಡುಬಿದಿರೆಯ ಗುಟ್ಟಿನ ಪ್ರತಿ

ಹಸು ಮತ್ತು ಕರುವಿನ ವ್ಯಾಜ್ಯಕ್ಕೆ ಕರ್ನಾಟಕದಲ್ಲಿ ಅತಿ ಹತ್ತಿರವಾದ ಪ್ರಸಂಗ ಮೂಡುಬಿದಿರೆಯದು. ದಿಗಂಬರ ಜೈನರ ಅತಿ ಪ್ರಾಚೀನ ಸಿದ್ಧಾಂತ ಗ್ರಂಥಗಳಾದ ಷಟ್‌ಖಂಡಾಗಮ, ಕಷಾಯಪಾಹುಡಗಳು, 9ನೆಯ ಶತಮಾನದ ವೀರಸೇನರು ಅವಕ್ಕೆ ತೊಡಗಿಸಿದ ಧವಲಾ, ಜಯಧವಲಾ ವ್ಯಾಖ್ಯಾನಗಳೊಡನೆ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದೆ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ದೂರದಿಂದ ಬಂದು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು, ಓದುವವರು ಇಲ್ಲವಾಗಿದ್ದರು. ಗ್ರಂಥ ಮೂರ್ತಿಯಾಗಿತ್ತು.

19ನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿಯ ಮಾಣಿಕಚಂದ ಮತ್ತು ಸೊಲ್ಲಾಪುರದ ಹೀರಾಚಂದ ನೇಮಚಂದರಂಥ ಶ್ರಾವಕರ ಒತ್ತಾಯದಿಂದ ಪ್ರತಿ ಎತ್ತುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯರು ಅದಕ್ಕೆ ನೇಮಕಗೊಂಡರು. ಆದರೆ ಪ್ರತಿಯೂ ಮೂಡುಬಿದಿರೆಯನ್ನು ಬಿಟ್ಟು ಹೋಗಬಾರದು ಎಂಬುದು ಅಲ್ಲಿನವರ ನಿಲುವು: ಹಸುವಿನೊಡನೆ ಕರು. ಗಜಪತಿ ಉಪಾಧ್ಯಾಯರು ಹಗಲು ಒಪ್ಪಿಸಿದ ಕೆಲಸ ಮಾಡುತ್ತಲೇ, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಆ ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿಯನ್ನು ಉಳಿಸಿಕೊಂಡರು. ಆ ಪ್ರತಿಯಿಂದ ಬೇರೆ ಬೇರೆ ಊರುಗಳ ಭಂಡಾರಗಳಿಗೆ ಪ್ರತಿಗಳು ಹಬ್ಬಿದವು. ಕೊನೆಗೆ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು.

ಇಲ್ಲಿ ತೀರ್ಪು ಕೊಡಲು ಅವಸರ ಬೇಡ. ಗುಟ್ಟಿನ ಪ್ರತಿ ನಂಬಿಕೆಯ ಭಂಗವೇ ಹೌದು. ಆದರೆ ಮೂಡುಬಿದಿರೆಯವರ ಬಿಗಿಯನ್ನು ಬರಿಯ ಸ್ವಾರ್ಥವೆಂದು ಹಳಿಯುವುದೂ ಅನ್ಯಾಯ. ಶತಮಾನಗಳ ಕಾಲ ಅವರು ಕಾಯದೇ ಹೋಗಿದ್ದರೆ ಕದಿಯುವುದಕ್ಕೂ ಏನೂ ಇರುತ್ತಿರಲಿಲ್ಲ. ಈ ಕಥೆಯ ಅತ್ಯಂತ ಬೆಲೆಯುಳ್ಳ ಭಾಗ ಬರುವುದು ಆಮೇಲೆ. ಪ್ರತಿಯ ಪ್ರತಿಯ ಪ್ರತಿಯಿಂದ ಅಚ್ಚಾದ ಪಾಠದಲ್ಲಿ ಸಾಲುಗಳು ಬಿಟ್ಟುಹೋಗಿದ್ದವು, ಅಕ್ಷರಗಳು ಪಲ್ಲಟವಾಗಿದ್ದವು. ಮೊದಲ ಸಂಪುಟಗಳು ಹೊರಬಂದ ಮೇಲೆ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ತೆರೆದು, ಮೂಲದ ಓಲೆಗಳೊಡನೆ ತಾಳೆ ನೋಡಲು ಒಪ್ಪಿ ನೆರವಾದರು. ಐರ್ಲೆಂಡಿನಲ್ಲಿ ಕಾಳಗಕ್ಕೆ ತಿರುಗಿತೆಂದು ಕಥೆ ಹೇಳುವ ವ್ಯಾಜ್ಯ ಇಲ್ಲಿ ಒಂದೇ ಮೇಜಿನ ಮುಂದೆ ಮುಗಿಯಿತು. ಕಾದವರಿಗೆ ಎತ್ತಿದವರು ಬೇಕಾದರು, ಎತ್ತಿದವರಿಗೆ ಕಾದವರು ಬೇಕಾದರು.

ಮಂಗಳೂರಿನ ಕಲ್ಲಚ್ಚು

ಕ್ರೈಸ್ತರು ಕನ್ನಡದಲ್ಲಿ ಬರೆಯತೊಡಗಿದ್ದು ಅಚ್ಚಿಗಿಂತ ಬಹಳ ಹಿಂದೆ. 1649ರಲ್ಲಿ ಮೈಸೂರು ಮಿಷನ್ನನ್ನು ತೊಡಗಿದ ಯೇಸುಸಭೆಯ ಲಿಯೊನಾರ್ಡೊ ಸಿನ್ನಾಮಿ ಕನ್ನಡವನ್ನು ಕಲಿತು ಧರ್ಮೋಪದೇಶವನ್ನು ಆ ಭಾಷೆಯಲ್ಲಿ ಬರೆದರು. ಆಗ ಕನ್ನಡಕ್ಕೆ ಅಚ್ಚಿನ ಮೊಳೆಗಳೇ ಇರಲಿಲ್ಲ. ಎಷ್ಟು ಕಾಲ ಎತ್ತಿ ಬರೆಯುವ ಕೈಗಳಿದ್ದವೋ ಅಷ್ಟು ಕಾಲ ಮಾತ್ರ ಅಂಥ ಬರಹಕ್ಕೆ ಬಾಳು.

ಎರಡು ಶತಮಾನಗಳ ಬಳಿಕ ಇನ್ನೊಂದು ಬಗೆಯ ಕೆಲಸ ನಡೆಯಿತು. 1836ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರನ್ನು ನಾವು 1843ರ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ನೆನೆಯುತ್ತೇವೆ. ಅವರ ಇನ್ನೂ ದೊಡ್ಡ ಕೆಲಸ 1848ರಿಂದ 1853ರವರೆಗೆ ಹೊರಬಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ. ನಿವೃತ್ತ ಅಧಿಕಾರಿ ಕಸಮೇಜರ್ ಅವರ ಧನಸಹಾಯದಿಂದ ಮೊಗ್ಲಿಂಗ್ ಓಲೆಗರಿಯ, ಕಾಗದದ ಹಸ್ತಪ್ರತಿಗಳನ್ನು ಕಲೆಹಾಕಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಅದರಲ್ಲಿ ಬಂದವು. ಕಲ್ಲಚ್ಚೆಂದರೆ ಮೊಳೆ ಜೋಡಿಸುವ ಕೆಲಸವಲ್ಲ. ಲಿಪಿಕಾರನ ಕೈಬರಹವನ್ನೇ ಕಲ್ಲಿಗೆ ಇಳಿಸಿ ಹಾಳೆಗೆ ಒತ್ತುವುದು. ಹೀಗಾಗಿ ಆ ಪುಟಗಳು ಹಸ್ತಪ್ರತಿ ಯುಗದ ಕೊನೆಯ ಪುಟಗಳೂ ಹೌದು, ಅಚ್ಚಿನ ಯುಗದ ಮೊದಲ ಪುಟಗಳೂ ಹೌದು.

ಶುಭಸಂದೇಶ ಸಾರಲೆಂದು ಕಡಲು ದಾಟಿ ಬಂದವರು ವೀರಶೈವ ಪುರಾಣವನ್ನೂ ಹರಿದಾಸರ ಪದಗಳನ್ನೂ ಏಕೆ ಎತ್ತಿ ಬರೆಸಿದರು? ಜನರ ಮನಸ್ಸನ್ನು ತಿಳಿಯದೆ ಬೋಧಿಸಲಾಗದು ಎಂಬುದು ಒಂದು ಕಾರಣ. ಆ ಉದ್ದೇಶವನ್ನು ಮರೆಮಾಚಬೇಕಾಗಿಲ್ಲ. ಆದರೆ ಬರಿಯ ಖಂಡನೆಗೆ ಬೇಕಾದಷ್ಟನ್ನು ಆರಿಸಿಕೊಳ್ಳಲು ಆರು ವರ್ಷಗಳ ದುಡಿಮೆ ಬೇಕಿರಲಿಲ್ಲ. ಐರ್ಲೆಂಡಿನಲ್ಲಿಯೂ ಇಂಥದೇ ಒಂದು ಸಾಕ್ಷಿಯಿದೆ. 12ನೆಯ ಶತಮಾನದ ‘ಲೆನ್‌ಸ್ಟರಿನ ಪುಸ್ತಕ’ದಲ್ಲಿ ಆ ನಾಡಿನ ಪ್ರಾಚೀನ ವೀರಕಾವ್ಯವನ್ನು ಬರೆದು ಮುಗಿಸಿದ ಲಿಪಿಕಾರ, ಕಥೆಯನ್ನು ಹೀಗೆಯೇ ಉಳಿಸಿಕೊಳ್ಳುವವರನ್ನು ಮೊದಲು ಐರಿಷ್ ಭಾಷೆಯಲ್ಲಿ ಹರಸುತ್ತಾನೆ, ಆಮೇಲೆ ಲ್ಯಾಟಿನ್ನಿನಲ್ಲಿ, ಇದನ್ನು ತಾನು ನಂಬುವುದಿಲ್ಲ, ಇದರಲ್ಲಿ ದೆವ್ವಗಳ ಮೋಸವೂ ಉಂಟು ಎನ್ನುತ್ತಾನೆ. ನಂಬದಿದ್ದರೂ ಒಂದು ಸಾಲನ್ನೂ ಬಿಡಲಿಲ್ಲ. ಅವನ ಪ್ರಾಮಾಣಿಕತೆ ಎರಡು ಕಡೆಗೂ ಸಲ್ಲುತ್ತದೆ: ತನ್ನ ವಿಶ್ವಾಸಕ್ಕೂ ತನ್ನ ಮುಂದಿದ್ದ ಪಾಠಕ್ಕೂ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಅದಕ್ಕೆ ಬಹಳ ಮೊದಲೇ, ಅಂಥ ಮಾತುಗಳಿಲ್ಲದೆ, ಲಿಪಿಕಾರರ ಕೈ ಆ ಗೌರವವನ್ನು ಅಭ್ಯಾಸ ಮಾಡಿತ್ತು.

ಒಪ್ಪಿಸುವುದು: ಪರಂಪರೆಯೋ, ದ್ರೋಹವೋ

ಪವಿತ್ರ ಗ್ರಂಥವೇ ಪ್ರತಿಯ ಕುರಿತು ಹಲವು ಕಡೆ ಮಾತಾಡುತ್ತದೆ. ಅರಸನು ಪಟ್ಟವೇರಿದಾಗ ಧರ್ಮಶಾಸ್ತ್ರದ ಪ್ರತಿಯನ್ನು ತನಗಾಗಿ ಬರೆದುಕೊಳ್ಳಬೇಕೆಂದು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ವಿಧಿಸುತ್ತದೆ. ಅವನ ಹೃದಯ ಸಹೋದರರ ಮೇಲೆ ಗರ್ವದಿಂದ ಉಬ್ಬದಿರಲೆಂದು. ಯೆರೆಮೀಯನ ಸುರುಳಿಯನ್ನು ಅರಸ ಯೆಹೋಯಾಕೀಮನು ತುಂಡುತುಂಡಾಗಿ ಕೊಯ್ದು ಬೆಂಕಿಗೆ ಹಾಕಿದಾಗ, ಬಾರೂಕನು ಮತ್ತೊಂದು ಸುರುಳಿಯನ್ನು ಬರೆದನು. ಅದು ಮೊದಲಿನದಕ್ಕಿಂತ ದೊಡ್ಡದಾಯಿತು. ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಲಿಪಿಕಾರ ತೆರ್ತಿಯನು ಒಂದೇ ಸಾಲಿನಲ್ಲಿ ತನ್ನ ವಂದನೆ ತಿಳಿಸಿ ಮರೆಯಾಗುತ್ತಾನೆ.

ಇವೆಲ್ಲಕ್ಕೂ ಬುನಾದಿಯಾದ ಮಾತು ಸಂತ ಪೌಲರು ತಿಮೊಥೇಯನಿಗೆ ಬರೆದ ಪತ್ರಗಳಲ್ಲಿದೆ. ಅವರು ಎರಡು ಆಜ್ಞೆಗಳನ್ನು ಕೊಡುತ್ತಾರೆ. ವಶಕ್ಕೆ ಕೊಟ್ಟುದನ್ನು ಕಾಪಾಡು ಎಂಬುದು ಒಂದು. ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು ಎಂಬುದು ಇನ್ನೊಂದು. ಫಿನ್ನಿಯನ್ ಮೊದಲನೆಯದನ್ನು ಹಿಡಿದರು, ಕೊಲಂಬಾ ಎರಡನೆಯದನ್ನು ಹಿಡಿದರು. ಎರಡನ್ನೂ ಬೇರ್ಪಡಿಸಿದ ಕಡೆ ಕತ್ತಿ ಹೊರಬಂದಿತು. ಲ್ಯಾಟಿನ್ನಿನಲ್ಲಿ ‘ಒಪ್ಪಿಸು’ ಎಂಬ ಒಂದೇ ಧಾತುವಿನಿಂದ ಪರಂಪರೆ ಎಂಬ ಪದವೂ ದ್ರೋಹಿ ಎಂಬ ಪದವೂ ಹುಟ್ಟಿವೆ. 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದಾಗ ಅವನ್ನು ತಂದು ಒಪ್ಪಿಸಿದವರನ್ನು ಧರ್ಮಸಭೆ ‘ಒಪ್ಪಿಸಿದವರು’ ಎಂಬ ಹೆಸರಿನಿಂದಲೇ ಗುರುತಿಸಿತು. ಆಫ್ರಿಕದ ಧರ್ಮಸಭೆ ಆ ಗಾಯದಿಂದಲೇ ಸೀಳಿತು. ಕೈಯ ಚಲನೆ ಒಂದೇ: ಗ್ರಂಥವನ್ನು ಮುಂದಕ್ಕೆ ಚಾಚುವುದು. ಓದುವವನಿಗೆ ಚಾಚಿದರೆ ಪರಂಪರೆ, ಸುಡುವವನಿಗೆ ಚಾಚಿದರೆ ದ್ರೋಹ. ಯಾರಿಗೂ ಚಾಚದೆ ಪೆಟ್ಟಿಗೆಯಲ್ಲಿಟ್ಟರೆ ಗೆದ್ದಲಿಗೆ ಒಪ್ಪಿಸಿದಂತೆ.

ಆದ್ದರಿಂದ ಪ್ರತಿಗಾರನ ಭಕ್ತಿಗೆ ಮೂರು ಅಂಗಗಳಿವೆ ಎನ್ನಬಹುದು: ಕಾಯುವುದು, ಎತ್ತುವುದು, ತಾಳೆ ನೋಡುವುದು. ಮೂರನೆಯದೇ ಅತ್ಯಂತ ವಿನಯದ್ದು, ಏಕೆಂದರೆ ನನ್ನ ಕೈ ತಪ್ಪಿರಬಹುದು ಎಂಬ ಒಪ್ಪಿಗೆ ಅದರಲ್ಲಿದೆ. ಅಡಮ್ನಾನ್ ಆಣೆಯಿಟ್ಟು ಕೇಳಿದ್ದು ಅದನ್ನೇ. ಮೂಡುಬಿದಿರೆಯ ವ್ಯಾಜ್ಯವನ್ನು ಕೊನೆಗೆ ತಣಿಸಿದ್ದೂ ಅದೇ.

ನಮ್ಮ ಪಾಲಿನ ಪುಟ

ಘಟಪ್ರಭೆಯ ದಂಡೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಪ್ರತಿ ಎತ್ತುವುದು ಪಂಡಿತರ ಕೆಲಸ ಮಾತ್ರವಾಗಿರಲಿಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಈ ನೆಲದ ಆಟ. ಬಯಲಾಟದ ಪದ ಮಾತುಗಳು ವಹಿಯಿಂದ ವಹಿಗೆ, ಕೈಯಿಂದ ಕೈಗೆ ಸಾಗಿ ಬಂದವು. ಓದು ಬಾರದ ಊರಿಗೂ ಒಬ್ಬ ಬರೆಯಬಲ್ಲವ ಇದ್ದರೆ ಸಾಕಿತ್ತು. ಊರಿಗೆ ಊರೇ ಆ ಗ್ರಂಥವನ್ನು ಬಾಯಿಪಾಠ ಮಾಡುತ್ತಿತ್ತು.

ಇಂಥ ಸೀಮೆಗಳಿಗೆ ಸೇವೆಗೆ ಹೋಗುವ ಗುರುಗಳಿಗೂ ಗುರುಮಠದ ವಿದ್ಯಾರ್ಥಿಗಳಿಗೂ ಈ ಇತಿಹಾಸ ಹೊರಿಸುವ ಹೊಣೆ ದೊಡ್ಡ ಗ್ರಂಥಗಳಿಂದಲೇ ಆರಂಭವಾಗಬೇಕಿಲ್ಲ. ವಿಚಾರಣಾ ಗುರುವಿನ ಕಪಾಟಿನಲ್ಲಿ ದೀಕ್ಷಾಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳಿವೆ. 1917ರ ಧರ್ಮಸಭಾ ಶಾಸನದ 470ನೆಯ ನಿಯಮ ಅವುಗಳ ಅಧಿಕೃತ ಪ್ರತಿಯನ್ನು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ಕಳುಹಿಸಬೇಕೆಂದು ವಿಧಿಸಿತ್ತು. 1983ರ ಶಾಸನದ 535ನೆಯ ನಿಯಮ ಹಳೆಯ ದಾಖಲೆ ಪುಸ್ತಕಗಳನ್ನೂ ಎಚ್ಚರದಿಂದ ಕಾಯಬೇಕೆನ್ನುತ್ತದೆ. 491ನೆಯ ನಿಯಮ ದಫ್ತರಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಮಾಡಿ, ಒಂದನ್ನು ಅಲ್ಲಿಯೇ ಇಟ್ಟು ಇನ್ನೊಂದನ್ನು ಧರ್ಮಪ್ರಾಂತ್ಯದ ದಫ್ತರದಲ್ಲಿ ಇಡಲು ಹೇಳುತ್ತದೆ. ಇವನ್ನು ಕಚೇರಿಯ ಕಿರುಕುಳವೆಂದು ಎಣಿಸುವವರು ಒಮ್ಮೆ ಯೋಚಿಸಬೇಕು. ಕೂಲಿಗೆಂದು ಊರು ಬಿಟ್ಟು ಹೋದ ಬಡವನ ಮಗಳು ಇಪ್ಪತ್ತು ವರ್ಷಗಳ ಬಳಿಕ ಮದುವೆಗೆ ದಾಖಲೆ ಕೇಳಿ ಬಂದಾಗ, ಅವಳ ತಾಯಿತಂದೆಯ ಹೆಸರು, ಅವಳಿಗೆ ಕ್ರಿಸ್ತರಲ್ಲಿ ದೊರೆತ ಹೆಸರು ಆ ಒಂದು ಸಾಲಿನಲ್ಲಿ ಮಾತ್ರ ಇರುತ್ತದೆ. ಗೆದ್ದಲು ಆ ಸಾಲನ್ನು ತಿಂದಿದ್ದರೆ, ಅಥವಾ ಅವಸರದಲ್ಲಿ ಒಂದು ಅಕ್ಷರ ತಪ್ಪಿ ಬರೆದಿದ್ದರೆ, ನಷ್ಟ ಬರೆದವನದಲ್ಲ.

ಬೈಥೀನ್ ಬರೆದ ಇಡೀ ಗ್ರಂಥದಲ್ಲಿ ಬಿಟ್ಟುಹೋಗಿದ್ದುದು ಒಂದೇ ಅಕ್ಷರ. ಅಷ್ಟಕ್ಕೇ ಅದನ್ನು ತಿದ್ದಬೇಕೆಂದು ಅವರು ಇನ್ನೊಬ್ಬ ಸಹೋದರನ ಕಣ್ಣನ್ನು ಬೇಡಿದರು. ಕಾಗದವಾಗಲಿ, ಗಣಕಯಂತ್ರವಾಗಲಿ, ನಮ್ಮ ಮುಂದಿರುವ ಪುಟ ಯಾವುದೇ ಇರಲಿ, ನಮ್ಮಿಂದ ಕೇಳುವುದು ಅಷ್ಟೇ: ಬಂದುದನ್ನು ಕೆಡಿಸದೆ ಬರೆಯುವುದು, ಬರೆದುದನ್ನು ಮತ್ತೊಬ್ಬರಿಗೆ ತೋರಿಸಿ ತಾಳೆ ನೋಡುವುದು, ಪುಟ ಮುಗಿದಾಗ ಲೇಖನಿಯನ್ನು ಮುಂದಿನವರ ಕೈಗೆ ಕೊಡುವುದು.